ಬಾರಿನ ಬಾಗಿಲಲ್ಲಿ ಇಲ್ಲದ ನಾಚಿಕೆ

(ಕುಡಿತದಿಂದ ನೊಂದ ಕುಟುಂಬಗಳಿಗಾಗಿ ಕೋಲಾರದಲ್ಲಿ ಸೇರಿದ್ದ ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳು ಇವು. ಬರೆಯಲು ಕುಳಿತಾಗ ಕೆಲವು ಕಡೆ ಮಾತು ಬೆಳೆದಿದೆ, ಕೆಲವು ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ. ನನ್ನ ಹೆಸರನ್ನು ಹಾಕಿಲ್ಲ. ಅದಕ್ಕೆ ಕಾರಣ ಮಾತಿನ ನಡುವೆಯೇ ಬರುತ್ತದೆ.)

ಎಲ್ಲರಿಗೂ ನಮಸ್ಕಾರ.

ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಇಲ್ಲಿ ಕುಳಿತಿರುವವರಲ್ಲಿ ನಾಲ್ಕೈದು ಮಂದಿ ನನ್ನನ್ನು ಆಗಲೇ ಗುರುತಿಸಿದ್ದಾರೆ, ಅವರ ಮುಖದಲ್ಲೇ ತಿಳಿಯುತ್ತದೆ. ಅವರಲ್ಲಿ ಒಬ್ಬರು ಒಂದು ರಾತ್ರಿ ನನ್ನನ್ನು ಬಸ್ ನಿಲ್ದಾಣದಿಂದ ಆಟೋದಲ್ಲಿ ಹಾಕಿಕೊಂಡು ಮನೆಗೆ ತಲುಪಿಸಿದವರು. ಅವರಿಗೆ ಆವತ್ತು ಹೇಳದ ಕೃತಜ್ಞತೆಯನ್ನು ಇವತ್ತು ಹೇಳುತ್ತೇನೆ.

ನಾನೊಬ್ಬ ಮದ್ಯವ್ಯಸನಿ. 2013ರಿಂದ ಇಂದಿನವರೆಗೆ ಕುಡಿದಿಲ್ಲ. ಇಷ್ಟು ವರ್ಷವಾದ ಮೇಲೂ "ವ್ಯಸನಿಯಾಗಿದ್ದೆ" ಎನ್ನದೆ "ವ್ಯಸನಿ" ಎನ್ನುವುದೇಕೆ ಎಂದು ನನ್ನ ಮಗಳು ಒಮ್ಮೆ ಕೇಳಿದ್ದಳು. ಸಕ್ಕರೆ ಕಾಯಿಲೆಯವರು ಔಷಧಿಯಿಂದ ಸಕ್ಕರೆ ಹತೋಟಿಗೆ ಬಂದ ದಿನ ಕಾಯಿಲೆ ಹೋಯಿತು ಎನ್ನುವುದಿಲ್ಲವಲ್ಲ, ಹಾಗೆ. ಒಂದು ಲೋಟ ಒಳಗೆ ಹೋದರೆ ಎರಡನೆಯದನ್ನು ತಡೆಯುವ ಶಕ್ತಿ ನನ್ನ ದೇಹಕ್ಕೆ ಇಲ್ಲ. ಆದ್ದರಿಂದ ನನ್ನ ಕೆಲಸವೆಲ್ಲ ಆ ಮೊದಲ ಲೋಟದ ಹತ್ತಿರವೇ ಇರುವುದು.

ಇವತ್ತು ನಾನು ಹೇಳಬೇಕೆಂದಿರುವುದು ಮೀಟಿಂಗ್‌ಗಳ ಬಗ್ಗೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ವಾರಕ್ಕೆ ಒಮ್ಮೆಯೋ ಎರಡು ಬಾರಿಯೋ ಒಂದು ಕೋಣೆಯಲ್ಲಿ ಸೇರುತ್ತಾರಲ್ಲ, ಅದು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಹೆಸರನ್ನು ಕೆಲವರು ಕೇಳಿರಬಹುದು. ನಾವು ಎಎ ಎನ್ನುತ್ತೇವೆ. ನಾನು ಅದರ ಪರವಾಗಿ ಮಾತನಾಡುತ್ತಿಲ್ಲ, ಅದರ ಪರವಾಗಿ ಮಾತನಾಡುವ ಅಧಿಕಾರ ಯಾವ ಒಬ್ಬ ಸದಸ್ಯನಿಗೂ ಇಲ್ಲ. ಪತ್ರಿಕೆ, ರೇಡಿಯೋ, ಟಿವಿಗಳಲ್ಲಿ ಸದಸ್ಯರು ಹೆಸರು ಹಾಕಿಕೊಳ್ಳಬಾರದು ಎಂಬುದು ಅಲ್ಲಿನ ಸಂಪ್ರದಾಯ. ಹೆಸರು ಬಂದರೆ ಅಹಂಕಾರ ಬರುತ್ತದೆ. ಹೆಸರು ಹಾಕಿಕೊಂಡವನು ನಾಳೆ ಮತ್ತೆ ಕುಡಿದರೆ, ಅವನನ್ನು ನೋಡಿ ಬರಬೇಕೆಂದಿದ್ದ ಹತ್ತು ಜನ ಹಿಂದಕ್ಕೆ ಸರಿಯುತ್ತಾರೆ. ನನ್ನದು ನನ್ನ ಅನುಭವ ಮಾತ್ರ.

ಅನುಭವ ಎಂದರೆ ಮೊದಲು ಸೋಲಿನದು. ಬಿಡಲು ನಾನು ಮಾಡದ ಪ್ರಯತ್ನವಿಲ್ಲ. ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಟ್ಟಿದ್ದೇನೆ. ಕೈಗೆ ದಾರ ಕಟ್ಟಿಸಿಕೊಂಡಿದ್ದೇನೆ. ಮಗಳ ತಲೆಯ ಮೇಲೆ ಕೈ ಇಟ್ಟು ಪ್ರಮಾಣ ಮಾಡಿ, ಆ ವಾರವೇ ಕುಡಿದು, ಅವಳ ತಲೆಯನ್ನು ಮುಟ್ಟಲು ಹೆದರಿ ದೂರ ಕುಳಿತಿದ್ದೇನೆ. ಇದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಆಣೆ ಇಟ್ಟಾಗ ನಾನು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಇಲ್ಲಿರುವ ಹೆಂಡತಿಯರು, ತಾಯಂದಿರು ದಯವಿಟ್ಟು ನಂಬಬೇಕು. ಆ ಕ್ಷಣದಲ್ಲಿ ಅದು ನಿಜವಾಗಿತ್ತು.

ಅಯ್ಯಪ್ಪನ ಮಾಲೆಯ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನನಗೆ ಮೀಟಿಂಗ್ ಅರ್ಥವಾದದ್ದು ಅದರಿಂದ. ಆರು ವರ್ಷ ಮಾಲೆ ಹಾಕಿದ್ದೇನೆ. 41 ದಿನಗಳ ವ್ರತ. ಆ 41 ದಿನಗಳಲ್ಲಿ ಒಂದು ಹನಿ ಮುಟ್ಟಿದವನಲ್ಲ. ಮಾಲೆ ತೆಗೆದ ಸಂಜೆ ಕುಡಿಯದೆ ಇದ್ದದ್ದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಈ ಕತೆ ಎಷ್ಟು ಮನೆಗಳದ್ದು ಎಂದು ನಿಮಗೆ ಗೊತ್ತು. ಜನ ಇದನ್ನು ನೋಡಿ, "ದೇವರ ಭಯಕ್ಕೆ ಬಿಡುತ್ತಾನೆ, ಹೆಂಡತಿ ಮಕ್ಕಳಿಗಾಗಿ ಬಿಡುವುದಿಲ್ಲ, ಮನಸ್ಸು ಮಾಡಿದರೆ ಬಿಡಬಲ್ಲ" ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಮಾಲೆ ಹಾಕಿದ ದಿನಗಳಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಎಂದು ನೆನಪು ಮಾಡಿಕೊಳ್ಳಿ. ಬೆಳಗಿನ ಜಾವ ತಣ್ಣೀರು ಸ್ನಾನಕ್ಕೆ ಜೊತೆಗೆ ಹತ್ತು ಜನ. ಸಂಜೆ ಭಜನೆಗೆ ಅದೇ ಹತ್ತು ಜನ. ಸಂಜೆ ಆರರಿಂದ ಒಂಬತ್ತರವರೆಗೆ, ಅಂದರೆ ಕುಡುಕನಿಗೆ ಅತ್ಯಂತ ಕಠಿಣವಾದ ಹೊತ್ತಿನಲ್ಲಿ, ಹೋಗಲು ಒಂದು ಜಾಗವಿತ್ತು. ಮೈಮೇಲಿನ ಕಪ್ಪು ಬಟ್ಟೆ ನೋಡಿ ಯಾರೂ "ಬಾ, ಒಂದು ಹಾಕೋಣ" ಎಂದು ಕರೆಯುತ್ತಿರಲಿಲ್ಲ. ಕುಡುಕ ಎಂದು ಹೆಸರು ಕೆಡಿಸಿಕೊಂಡವನನ್ನೂ ಎಲ್ಲರೂ "ಸ್ವಾಮಿ" ಎಂದು ಕರೆಯುತ್ತಿದ್ದರು. ನನ್ನನ್ನು ತಡೆದು ನಿಲ್ಲಿಸಿದ್ದರಲ್ಲಿ ಭಕ್ತಿಯ ಪಾಲೂ ಇತ್ತು, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಆ ಹತ್ತು ಜನರ ಪಾಲು ದೊಡ್ಡದು. ಮಾಲೆ ತೆಗೆದ ಮರುದಿನ ಆ ಹತ್ತು ಜನ ಚದುರಿಹೋಗುತ್ತಿದ್ದರು. ನಾನು ಒಬ್ಬನೇ ಉಳಿಯುತ್ತಿದ್ದೆ, ಎದುರಿಗೆ ಬಾರ್ ಉಳಿಯುತ್ತಿತ್ತು. ಮೀಟಿಂಗ್ ಎಂದರೆ ತೆಗೆಯುವ ದಿನವಿಲ್ಲದ ಮಾಲೆ ಎಂದು ನಾನು ಹೊಸಬರಿಗೆ ಹೇಳುತ್ತೇನೆ.

ಈ ಎಎ ಹುಟ್ಟಿದ್ದೂ ಇಂಥದ್ದೇ ಒಂದು ಸಂಜೆಯಲ್ಲಿ. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬಾತ, ಕುಡಿತ ಬಿಟ್ಟು ಕೆಲವೇ ತಿಂಗಳಾದವನು, ಕೈಹಿಡಿಯದ ವ್ಯವಹಾರದ ನಿರಾಸೆಯಲ್ಲಿ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಆತ ಟೆಲಿಫೋನ್ ಕಡೆಗೆ ಹೋದ. ಊರಿನ ಚರ್ಚುಗಳ ಪಟ್ಟಿ ನೋಡಿ ಒಬ್ಬೊಬ್ಬರಿಗೇ ಕರೆ ಮಾಡಿ, ತನ್ನ ಹಾಗೆ ಕುಡಿತದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬನ ಜೊತೆ ಮಾತನಾಡಬೇಕು ಎಂದು ಕೇಳಿದ. ಮರುದಿನ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರು. ಹದಿನೈದು ನಿಮಿಷ ಮಾತ್ರ ಇರುತ್ತೇನೆ ಎಂದು ಬಂದವರು ಆರು ಗಂಟೆಗೂ ಹೆಚ್ಚು ಕಾಲ ಮಾತನಾಡುತ್ತ ಕುಳಿತರು. ಡಾಕ್ಟರಿಗೆ ಬುದ್ಧಿ ಹೇಳಲು ಬಿಲ್ ಹೋಗಿರಲಿಲ್ಲ, ತಾನು ಆ ದಿನ ಕುಡಿಯದೆ ಉಳಿಯಲು ಹೋಗಿದ್ದ. ನಮ್ಮ ಮೀಟಿಂಗಿನ ಮರ್ಮವೆಲ್ಲ ಇಲ್ಲಿದೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಭೇಟಿಯ ನಂತರ ಡಾ. ಬಾಬ್ ಒಂದು ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದರು. ಹಿಂದಿರುಗಿ ಬಂದು ನಿಲ್ಲಿಸಿದ್ದು 1935ರ ಜೂನ್ 10ರಂದು, ಆ ದಿನವನ್ನೇ ಎಎ ಹುಟ್ಟಿದ ದಿನವೆಂದು ಇಂದಿಗೂ ಎಣಿಸುತ್ತಾರೆ. ನಮ್ಮ ದೇಶಕ್ಕೆ ಈ ಗುಂಪುಗಳು ಬಂದದ್ದು 1957ರಲ್ಲಿ.

ನನಗೆ ಈ ದಾರಿ ತೋರಿಸಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿಗೆ ಬಂದ ಇಬ್ಬರು ಸದಸ್ಯರು. ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಕೊಟ್ಟರು. ಆ ಚೀಟಿ ನಾಲ್ಕು ತಿಂಗಳು ನನ್ನ ಅಂಗಿಯ ಜೇಬಿನಿಂದ ಜೇಬಿಗೆ ಹೋಯಿತು. ಆ ನಾಲ್ಕು ತಿಂಗಳೂ ಕುಡಿದೆ. ಕೊನೆಗೆ ಒಂದು ಶನಿವಾರ ಬೆಂಗಳೂರಿನ ಬಸ್ ಹತ್ತಿದೆ. ಊರಿನಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರ, ಗುರುತಿನವರು ಒಬ್ಬರೂ ಇಲ್ಲದ ಬೀದಿ. ಮೀಟಿಂಗ್ ಇದ್ದದ್ದು ಒಂದು ಶಾಲೆಯ ಹಿಂಬದಿಯ ಕೋಣೆಯಲ್ಲಿ. ಆದರೂ ನಾನು ಎದುರಿನ ಟೀ ಅಂಗಡಿಯಲ್ಲಿ ನಲವತ್ತು ನಿಮಿಷ ನಿಂತಿದ್ದೆ. ಯಾರಾದರೂ ನೋಡಿದರೆ? ನಾನು ಕುಡುಕ ಎಂದು ಗೊತ್ತಾದರೆ?

ನನ್ನ ಊರಿನ ಬಾರಿಗೆ ಹಾಡಹಗಲಲ್ಲಿ ಹೋಗುವಾಗ ನನಗೆ ಈ ಭಯ ಇರಲಿಲ್ಲ. ಚರಂಡಿಯ ಪಕ್ಕದಲ್ಲಿ ಚಪ್ಪಲಿಯಿಲ್ಲದೆ ಮಲಗಿದ್ದವನನ್ನು ಇಡೀ ಊರು ನೋಡಿತ್ತು. ಮಂಡಿಯ ಯಜಮಾನರಿಗೆ ಗೊತ್ತಿತ್ತು, ಮಗಳ ಶಾಲೆಯ ಮೇಡಂಗೆ ಗೊತ್ತಿತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆದರೂ ವಾಸಿಯಾಗಲು ಹೋಗುವಾಗ ಬಾಗಿಲಲ್ಲಿ ಮೈಯೆಲ್ಲ ನಾಚಿಕೆ. ಆ ನಾಚಿಕೆ ಎಲ್ಲಿಂದ ಬರುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಬಾರಿನಲ್ಲಿ ನಾನು ಇನ್ನೂ "ಬೇಕೆಂದಾಗ ಬಿಡುತ್ತೇನೆ" ಎನ್ನುವ ಮನುಷ್ಯ. ಆ ಕೋಣೆಯ ಹೊಸ್ತಿಲು ದಾಟಿದರೆ, ನನ್ನಿಂದ ಒಬ್ಬನೇ ಆಗುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಗಂಡಸಿಗೆ, ಅದರಲ್ಲೂ ನಮ್ಮ ಕಡೆಯ ಗಂಡಸಿಗೆ, ಅದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ. ಹೆಂಗಸರಿಗೆ ಇದು ಇನ್ನೂ ಕಷ್ಟ. ಕುಡಿಯುವ ಹೆಂಗಸರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ಬೈಗುಳ ಸಿಗುವಷ್ಟು ಸುಲಭವಾಗಿ ಸಹಾಯ ಸಿಗುವುದಿಲ್ಲ. ಈಗ ಮೊಬೈಲ್‌ನಲ್ಲಿ ಸೇರುವ ಹೆಂಗಸರದೇ ಮೀಟಿಂಗ್‌ಗಳು ಇವೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ಮಾತನ್ನು ಅವರಿಗೆ ಮುಟ್ಟಿಸಿ.

ಒಳಗೆ ಏನು ನಡೆಯುತ್ತದೆ? ಪ್ಲಾಸ್ಟಿಕ್ ಕುರ್ಚಿಗಳು, ಟೀ, ಒಂದು ಗಂಟೆ ಅಥವಾ ಒಂದೂವರೆ ಗಂಟೆ. ನಡೆಸುವವರೂ ಕುಡಿತ ಬಿಟ್ಟವರೇ, ಆ ಸರದಿ ಬದಲಾಗುತ್ತಿರುತ್ತದೆ. ಒಬ್ಬೊಬ್ಬರಾಗಿ ತಮ್ಮ ಕತೆ ಹೇಳುತ್ತಾರೆ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ, ತೀರ್ಪು ಹೇಳುವುದಿಲ್ಲ. ಹೊಸಬರು ಮಾತನಾಡಲೇಬೇಕೆಂದಿಲ್ಲ; ನಾನು ಮೊದಲ ಮೂರು ವಾರ ಬಾಯಿ ಬಿಡಲಿಲ್ಲ. ಶುಲ್ಕವಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಸದಸ್ಯರು ಕೈಲಾದದ್ದನ್ನು ಹಾಕುತ್ತಾರೆ, ಹೊಸಬರು ಹಾಕದಿದ್ದರೂ ಆಯಿತು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ದೇವರ ಮಾತು ಬರುತ್ತದೆ, ನಿಜ. ಆದರೆ ಯಾವ ದೇವರು ಎಂಬುದು ಅವರವರಿಗೆ ಬಿಟ್ಟದ್ದು. ನಮ್ಮ ಗುಂಪಿನಲ್ಲಿ ದೇವರನ್ನೇ ನಂಬದ ಒಬ್ಬರಿದ್ದಾರೆ. ಈ ಕೋಣೆಯೇ ನನಗಿಂತ ದೊಡ್ಡ ಶಕ್ತಿ ಎನ್ನುತ್ತಾರೆ ಅವರು.

ಮೀಟಿಂಗ್‌ಗಳಲ್ಲಿ ಎರಡು ಬಗೆ. "ಕ್ಲೋಸ್ಡ್" ಎಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. "ಓಪನ್" ಎಂದರೆ ಮನೆಯವರು, ವಿದ್ಯಾರ್ಥಿಗಳು, ಯಾರು ಬೇಕಾದರೂ ಬಂದು ಕೂರಬಹುದು. ಹೋಗುವ ಮೊದಲು ಫೋನ್ ಮಾಡಿ ಇದನ್ನೂ, ಭಾಷೆಯನ್ನೂ ಕೇಳಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ. ಇಲ್ಲಿ ಎಷ್ಟೋ ಜನ ಹೊರಗೆ ಕನ್ನಡ, ಮನೆಯಲ್ಲಿ ತೆಲುಗು; ಕೆಜಿಎಫ್ ಕಡೆ ತಮಿಳು. ತನ್ನ ನೋವನ್ನು ಮನುಷ್ಯ ತಾಯಿಯ ಜೊತೆ ಆಡಿದ ಭಾಷೆಯಲ್ಲೇ ಹೇಳಬೇಕು. ನಮ್ಮ ಕೋಣೆಯಲ್ಲಿ ಒಬ್ಬರು ಕನ್ನಡದಲ್ಲಿ ಆರಂಭಿಸಿ, ಅಳು ಬಂದಾಗ ತೆಲುಗಿಗೆ ಹೊರಳುತ್ತಾರೆ. ಎಲ್ಲರಿಗೂ ಅರ್ಥವಾಗುತ್ತದೆ.

ಇದೆಲ್ಲ ಬರೀ ನಂಬಿಕೆಯೇ ಎಂದು ಓದಿದವರು ಕೇಳುತ್ತಾರೆ. 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಪೂರ್ತಿಯಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ, ಎಎ ಹಾಗೂ ಜನರನ್ನು ಅದರೊಂದಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಕಡಿಮೆಯಿಲ್ಲ, ಹಲವು ಅಳತೆಗಳಲ್ಲಿ ಹೆಚ್ಚು ಎಂಬುದು ಅದರ ತೀರ್ಮಾನ. ಅದರ ಅರ್ಥ ವೈದ್ಯರು ಬೇಡ ಎಂದಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳಬೇಕು. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ ಕುಡಿಯಲೇಬೇಕಾದವರು ಮೀಟಿಂಗ್ ಉತ್ಸಾಹದಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ವಿಪರೀತ ನಡುಕ, ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಆಗುತ್ತದೆ. ಪ್ರಾಣ ಹೋಗುವುದೂ ಇದೆ. ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆಗಳಿವೆ, ಬಿ1 ಜೀವಸತ್ವದ ಚುಚ್ಚುಮದ್ದು ಇದೆ. ಮೊದಲು ವೈದ್ಯರು, ಜೊತೆಗೆ ಮೀಟಿಂಗ್.

ನಮ್ಮಲ್ಲಿ ಎಲ್ಲಿಗೆ ಹೋಗಬೇಕು? ಇಲ್ಲಿಯೇ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಅಲ್ಲಿ ಮನೋವೈದ್ಯರನ್ನು ಕೇಳಿ. ತಾಲ್ಲೂಕಿನವರು ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಕೇಳಲು 14416, ಅದು ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಇವರನ್ನು, ಮತ್ತು ಆಸ್ಪತ್ರೆಯ ಆಪ್ತಸಮಾಲೋಚಕರನ್ನು, "ಹತ್ತಿರದಲ್ಲಿ ಬೆಂಬಲ ಗುಂಪು ಎಲ್ಲಿದೆ" ಎಂದು ನೇರವಾಗಿ ಕೇಳಿ. ನೀವು ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರೂ ಇಲ್ಲಿರಬಹುದು. ಶಿಬಿರ ಮುಗಿದ ಮೇಲೆ ಸೇರಲು ನವಜೀವನ ಸಮಿತಿಗಳಿವೆ. ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದು, ಸಮಿತಿಗೆ ಹೋಗದೆ ಮತ್ತೆ ಬಿದ್ದವರನ್ನು ನಾನು ನೋಡಿದ್ದೇನೆ. ಎಂಟು ದಿನ ಬಾಗಿಲು ತೆರೆದುಕೊಡುತ್ತದೆ, ನಡೆಯಬೇಕಾದದ್ದು ಒಂಬತ್ತನೆಯ ದಿನದಿಂದ.

ಒಂದು ಎಚ್ಚರಿಕೆ. ಹೊಡೆದು, ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೇವೆ ಎನ್ನುವ ಜಾಗಗಳಿವೆ. ಅಂಥ ಒಂದರಲ್ಲಿ ನಾನು ಹತ್ತೊಂಬತ್ತು ದಿನ ಇದ್ದೆ. ಹೊರಬಂದ ದಿನವೇ ಕುಡಿದೆ, ಸಿಟ್ಟಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯಪಾನದಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಚಿಕಿತ್ಸೆಯಲ್ಲಿರುವವರಿಗೆ ಕ್ರೂರ ನಡವಳಿಕೆಯಿಂದ ರಕ್ಷಣೆಯ ಹಕ್ಕಿದೆ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಕರ್ತವ್ಯ.

ಕಠಿಣ ದಿನಗಳು ಬರುವುದು ನಿಲ್ಲುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಮದ್ಯದಂಗಡಿ ಮುಚ್ಚಿತು, ನಮ್ಮ ಕೋಣೆಯೂ ಮುಚ್ಚಿತು. ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿ ತೆರೆಯಿತು, ನಮ್ಮ ಕೋಣೆ ತೆರೆಯಲಿಲ್ಲ. ಆ ದಿನ ಸಾಲಿನಲ್ಲಿ ನಿಂತ ಪರಿಚಿತ ಮುಖಗಳನ್ನು ಟಿವಿಯಲ್ಲಿ ನೋಡುತ್ತ ನನ್ನ ಕೈ ಬೆವರಿತು. ಮೊಬೈಲ್‌ನಲ್ಲಿ ಏಳು ಜನ ಸೇರಿದೆವು. ಒಬ್ಬರು ಹೊಲದಲ್ಲಿ ನಿಂತು, ಇನ್ನೊಬ್ಬರು ಸಿಗ್ನಲ್‌ಗಾಗಿ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಮಾತನಾಡಿದರು. ಏಳು ಜನರೂ ಆ ರಾತ್ರಿ ಕುಡಿಯದೆ ಮಲಗಿದೆವು. ದುಃಖಕ್ಕಿಂತ ಸುಖ ಇನ್ನೂ ಅಪಾಯ. 2023ರ ಜುಲೈನಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಮಂಡಿಯಲ್ಲಿ ದಿನವೂ ಹಬ್ಬ. ವರ್ಷಗಟ್ಟಲೆ ಸಾಲದಲ್ಲಿ ಬೆಂದ ರೈತರು ಪ್ರೀತಿಯಿಂದ ಕರೆಯುತ್ತಿದ್ದರು, ಬೇಡ ಎನ್ನುವುದು ಅವರ ಸಂತೋಷಕ್ಕೆ ಅವಮಾನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಆ ತಿಂಗಳು ನಾನು ವಾರಕ್ಕೆ ಎರಡರ ಬದಲು ಐದು ಮೀಟಿಂಗ್‌ಗೆ ಹೋದೆ.

ನಿಮ್ಮ ಊರಿನಲ್ಲಿ ಗುಂಪು ಇಲ್ಲವೆ? ಇಬ್ಬರು ಸಾಕು. ಕುಡಿಯದೆ ಇರಬೇಕೆಂಬ ಉದ್ದೇಶದಿಂದ ಇಬ್ಬರು ಮೂವರು ಸೇರಿದರೆ ಅದನ್ನೇ ಗುಂಪು ಎನ್ನಬಹುದು ಎಂದು ಎಎ ಸಂಪ್ರದಾಯದಲ್ಲೇ ಇದೆ. ಎರಡು ವರ್ಷ ನಾನು ಬೆಂಗಳೂರಿಗೆ ಓಡಾಡಿದೆ. ಆಮೇಲೆ ಬಂಗಾರಪೇಟೆ ಕಡೆಯ ಒಬ್ಬರು ಅದೇ ಬಸ್ಸಿನಲ್ಲಿ ಸಿಕ್ಕರು. ಇಬ್ಬರೂ ಒಂದೇ ಜಾಗಕ್ಕೆ ಹೋಗುತ್ತಿದ್ದೇವೆ ಎಂದು ತಿಳಿಯಲು ಮೂರು ವಾರ ಬೇಕಾಯಿತು, ಇಬ್ಬರೂ ಸುಳ್ಳು ಹೇಳುತ್ತಿದ್ದೆವು. ನಿಜ ತಿಳಿದ ದಿನ ಬಸ್ಸಿನಲ್ಲೇ ಮೀಟಿಂಗ್ ಆಯಿತು. ನಮ್ಮ ಊರಿನ ಗುಂಪು ಹುಟ್ಟಿದ್ದು ಹಾಗೆ. ಮೊದಲ ಎಂಟು ತಿಂಗಳು ಆರು ಕುರ್ಚಿ ಹಾಕಿ ನಾವಿಬ್ಬರೇ ಕೂರುತ್ತಿದ್ದೆವು.

ಇನ್ನು ಪ್ರಶ್ನೆಗಳು.

ಮಾಲೂರಿನಿಂದ ಬಂದಿದ್ದ ತಾಯಿಯೊಬ್ಬರು, ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ತರಿಸಿದ್ದೇನೆ, ಮಗನಿಗೆ ಹಾಕಲೇ ಎಂದು ಕೇಳಿದರು. ಬೇಡ ತಾಯಿ. ಅದರಲ್ಲಿ ಏನಿದೆ ಎಂದೇ ನಿಮಗೆ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ಔಷಧಿಯನ್ನು ವೈದ್ಯರು ಕೊಡುತ್ತಾರೆ, ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು. ಮದ್ಯ ದೇಹದಲ್ಲಿ ಒಡೆಯುವಾಗ ಹುಟ್ಟುವ ಒಂದು ವಿಷ ಕರಗದಂತೆ ಅದು ತಡೆಯುತ್ತದೆ. ಅದನ್ನು ತಿಂದವನು ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ, ಎದೆ ಬಡಿತ, ರಕ್ತದೊತ್ತಡ ಕುಸಿತ. ತಿಳಿದವನು ಆ ಭಯಕ್ಕೆ ಕುಡಿಯುವುದಿಲ್ಲ. ತಿಳಿಯದವನು ಕುಡಿದು ಸಾಯಬಹುದು. ನನ್ನ ಹೆಂಡತಿಯೂ ಇಂಥ ಪುಡಿಯನ್ನು ಸಾರಿಗೆ ಹಾಕಿದ್ದಳು. ಅವಳ ಮೇಲೆ ನನಗೆ ಆಗಲೂ ಈಗಲೂ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ಯಾರೂ ಹೇಳಿರಲಿಲ್ಲ.

ಎರಡನೆಯದು ಹಿಂದಿನ ಸಾಲಿನಿಂದ: "ಅವರು ಬರುವುದೇ ಇಲ್ಲ ಎನ್ನುತ್ತಾರೆ, ನಾನೇನು ಮಾಡಲಿ?" ನೀವು ಹೋಗಿ ಅಮ್ಮ. ಕುಡಿಯುವವರ ಮನೆಯವರಿಗಾಗಿಯೇ ಅಲ್ ಅನಾನ್ ಎಂಬ ಗುಂಪುಗಳಿವೆ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಮತ್ತು ಇನ್ನೊಬ್ಬ ಹೆಂಗಸು ಸೇರಿ 1951ರಲ್ಲಿ ಆರಂಭಿಸಿದ್ದು. ಗಂಡ ಬಿಟ್ಟರೂ ಬಿಡದಿದ್ದರೂ ನಿಮ್ಮ ನಿದ್ದೆ, ನಿಮ್ಮ ಊಟ, ನಿಮ್ಮ ಮಕ್ಕಳ ಓದು ಉಳಿಯಬೇಕು. ನೀವು ಅವನ ಸಾಲ ತೀರಿಸುವುದು, ಕೆಲಸಕ್ಕೆ ಜ್ವರ ಎಂದು ಸುಳ್ಳು ಫೋನ್ ಮಾಡುವುದು ನಿಲ್ಲಿಸಬಹುದು. ಹೊಡೆತ ಇದ್ದರೆ ಮಾತ್ರ ಮೀಟಿಂಗಿಗೆ ಕಾಯಬೇಡಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಕೊನೆಯ ಪ್ರಶ್ನೆ ಒಬ್ಬ ಹುಡುಗನದು. ಸಭೆ ಮುಗಿದ ಮೇಲೆ, ಎಲ್ಲರೂ ಎದ್ದು ಹೋಗುತ್ತಿದ್ದಾಗ, ನೆಲ ನೋಡುತ್ತ ಕೇಳಿದ: "ಕುಡಿದು ಬಂದರೆ ಒಳಗೆ ಬಿಡುತ್ತಾರೆಯೇ?"

ಬಿಡುತ್ತಾರೆ ತಮ್ಮ. ಕುಡಿಯುವುದನ್ನು ನಿಲ್ಲಿಸಬೇಕೆಂಬ ಆಸೆ ಇದ್ದರೆ ಸಾಕು, ಅದೊಂದೇ ಅರ್ಹತೆ. ಗಲಾಟೆ ಮಾಡದೆ ಕುಳಿತು ಕೇಳಿಸಿಕೊಳ್ಳಬೇಕು, ಅಷ್ಟೆ. ಆ ಟೀ ಅಂಗಡಿಯಲ್ಲಿ ನಿಂತಿದ್ದ ಶನಿವಾರ ನನ್ನ ಜೇಬಿನಲ್ಲಿ ಮುಗಿದ ಒಂದು ನೈಂಟಿ ಪ್ಯಾಕೆಟ್ ಇತ್ತು. ಬಾಯಿ ವಾಸನೆ ಬರುತ್ತದೆಂದು ಏಲಕ್ಕಿ ಅಗಿಯುತ್ತಿದ್ದೆ. ವಯಸ್ಸಾದ ಒಬ್ಬರು ರಸ್ತೆ ದಾಟಿ ಬಂದು, ನನ್ನನ್ನು ಏನೂ ಕೇಳದೆ, "ಒಳಗೂ ಟೀ ಇದೆ, ಬನ್ನಿ" ಎಂದರು.